ನಲವತ್ತು ಶಾಲುಗಳ ಗಂಟು

ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕಂಪ್ಯೂಟರಿನ ಮುಂದೆ ಕೂರಲು ಮಗಳು ಬಿಟ್ಟಿರಲಿಲ್ಲ. ಈ ನಡುವೆ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಟೀಚರ್, ನಿವೃತ್ತಿಯಾದ ಮೇಲೆ ನೀವೇ ಸ್ಲೇಟು ಹಿಡಿದು ಸ್ಕಾಟ್ಲೆಂಡಿಗೆ ಹೆಣಿಗೆ ಕಲಿಯಲು ಹೋಗಿದ್ದಿರಂತೆ, ಆ ಕಥೆಯನ್ನೇಕೆ ಬರೆದಿಲ್ಲ?" ಎಂದು ಕೇಳಿದ್ದಾಳೆ. ಕೇಳಿದ್ದು ನ್ಯಾಯವೇ. ಆದರೆ ಆ ಪ್ರಯಾಣದಲ್ಲಿ ನಾನು ಹೆಣಿಗೆಗಿಂತ ಹೆಚ್ಚಾಗಿ ಕಲಿತು ಬಂದದ್ದು ಒಂದು ಚರಿತ್ರೆಯ ಪಾಠವನ್ನು. ಮೂವತ್ತನಾಲ್ಕು ವರ್ಷ ಚರಿತ್ರೆಯನ್ನೇ ಬೋಧಿಸಿದವಳಿಗೆ ಆ ಪಾಠ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿದವರಿಂದ ದೊರೆಯಿತು.

2019ರ ಸೆಪ್ಟೆಂಬರಿನಲ್ಲಿ ನಾನು ಅಬರ್ಡೀನಿನಲ್ಲಿ ಮಗಳ ಮನೆಯಲ್ಲಿದ್ದೆ. ಅಲ್ಲಿಂದ ಉತ್ತರಕ್ಕೆ, ಇಡೀ ರಾತ್ರಿಯ ಹಡಗಿನ ಪ್ರಯಾಣದಷ್ಟು ದೂರದಲ್ಲಿ, ಶೆಟ್ಲೆಂಡ್ ದ್ವೀಪಗಳಿವೆ. ಅಲ್ಲಿ 2010ರಿಂದ 'ವೂಲ್ ವೀಕ್' ಎಂಬ ಉಣ್ಣೆಯ ಹಬ್ಬ ನಡೆಯುತ್ತ ಬಂದಿದ್ದು, ಅದರಲ್ಲಿ ಶಾಲು ಹೆಣೆಯುವ ಕಮ್ಮಟಗಳೂ ಇರುತ್ತವೆ. ಬಾಲ್ಯದಿಂದ ನನ್ನ ಕೈಯಲ್ಲಿ ಹೆಣಿಗೆಯ ಕಡ್ಡಿ ಇರುವುದನ್ನು ಬಲ್ಲ ಮಗಳು, ನನ್ನನ್ನು ಕೇಳದೆಯೇ ಒಂದು ಕಮ್ಮಟಕ್ಕೆ ಹಣ ಕಟ್ಟಿಬಿಟ್ಟಿದ್ದಳು. "ಅಮ್ಮ, ನೀನು ಹೋಗಲೇಬೇಕು" ಎಂದಳು. ಹೋದೆ.

ಸಂಜೆ ಬಂದರನ್ನು ಬಿಟ್ಟ ಹಡಗು ಕತ್ತಲಾಗುತ್ತಿದ್ದಂತೆ ತೂಗತೊಡಗಿತು. ನಿದ್ರೆ ಬಾರದೆ ಮೇಲಿನ ಹಜಾರಕ್ಕೆ ಬಂದು ಕುಳಿತು, ಮೊಮ್ಮಗನ ಸ್ವೆಟರಿನ ತೋಳನ್ನು ಹೆಣೆಯತೊಡಗಿದೆ. ಎದುರಿನ ಕುರ್ಚಿಯಲ್ಲಿ ಸುಮಾರು ಎಂಬತ್ತರ ವಯಸ್ಸಿನ ಹೆಂಗಸೊಬ್ಬರು ಹೆಣೆಯುತ್ತಿದ್ದರು. ಅವರ ಸೊಂಟದಲ್ಲಿ ಚರ್ಮದ ಒಂದು ಪಟ್ಟಿ. ಅದರ ಮುಂಭಾಗದಲ್ಲಿ ದಿಂಬಿನಂತೆ ಉಬ್ಬಿದ, ತೂತುಗಳಿದ್ದ ಒಂದು ಭಾಗ. ಬಲಗೈ ಕಡ್ಡಿಯ ತುದಿಯನ್ನು ಆ ತೂತೊಂದಕ್ಕೆ ಸಿಕ್ಕಿಸಿದ್ದರು. ಕಡ್ಡಿಯ ಭಾರವನ್ನು ಪಟ್ಟಿಯೇ ಹೊರುವುದರಿಂದ ಅವರ ಬೆರಳುಗಳು ನೋಡಲಾರದಷ್ಟು ವೇಗವಾಗಿ ಓಡುತ್ತಿದ್ದವು. ನಾನು ಬೆರಗಾಗಿ ನೋಡುತ್ತಿದ್ದುದನ್ನು ಕಂಡು ಅವರೇ ಮಾತಿಗೆಳೆದರು. ಶೆಟ್ಲೆಂಡಿನವರು ಹೆಣಿಗೆಗೆ 'ಮ್ಯಾಕಿನ್' ಎನ್ನುತ್ತಾರೆ, ಕಡ್ಡಿಗೆ 'ವೈರ್' ಎನ್ನುತ್ತಾರೆ. ಒಲೆಗೆ ಬೇಕಾದ ಪೀಟ್ ಎಂಬ ಒಣಗಿದ ಜೌಗುಮಣ್ಣಿನ ಹೆಂಟೆಗಳನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಗುಡ್ಡ ಇಳಿಯುವಾಗಲೂ ಅಲ್ಲಿನ ಹೆಂಗಸರ ಕೈಗಳು ಹೆಣೆಯುತ್ತಲೇ ಇರುತ್ತಿದ್ದವಂತೆ. ಅಂಥ ಚಿತ್ರಗಳನ್ನು ನಾನು ಆಮೇಲೆ ನೋಡಿದೆ. ನೋಡುವವರಿಗೆ ಅದು ಸೊಗಸು. ಹೊರೆಯನ್ನು ಕೆಳಗಿಟ್ಟು ಹೆಣೆಯಲು ಪುರುಸೊತ್ತಿಲ್ಲದ ಬದುಕು ಅದು ಎಂದು ಆ ಅಜ್ಜಿ ಹೇಳದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ.

"ಈ ಕಡಲಿನಲ್ಲಿ ನಿಮಗೆ ಹೆದರಿಕೆಯಾಯಿತೆ?" ಎಂದು ಅವರು ಕೇಳಿದರು. ಸ್ವಲ್ಪ ಆಗಿದೆ ಎಂದೆ. "ಹಾಗಾದರೆ ನೀವು ಬೆಟ್ಟಿ ಮೂಯಟ್ ಕಥೆಯನ್ನು ಕೇಳಬೇಕು" ಎಂದರು.

ಕಥೆ ಹೀಗಿದೆ. ಶೆಟ್ಲೆಂಡಿನ ದಕ್ಷಿಣ ತುದಿಯ ಸ್ಕ್ಯಾಟ್ನೆಸ್ ಎಂಬ ಹಳ್ಳಿಯಲ್ಲಿ ಬೆಟ್ಟಿ ಮೂಯಟ್ ಎಂಬ ಅವಿವಾಹಿತ ಹೆಂಗಸಿದ್ದಳು. 1825ರಲ್ಲಿ ಹುಟ್ಟಿದವಳು. ಅರವತ್ತರ ಆಸುಪಾಸಿನಲ್ಲಿ ಲಕ್ವದಂಥ ಕಾಯಿಲೆ ಬಂದು ದೇಹ ಬಲಹೀನವಾಗಿತ್ತು. 1886ರ ಜನವರಿ 30ರಂದು ಅವಳು ಹತ್ತಿರದ ಗ್ರುಟ್ನೆಸ್ ಬಂದರಿನಿಂದ 'ಕೊಲಂಬೈನ್' ಎಂಬ ಸಣ್ಣ ಹಾಯಿದೋಣಿ ಹತ್ತಿ ಲೆರ್ವಿಕ್ ಪಟ್ಟಣಕ್ಕೆ ಹೊರಟಳು. ಕೆಲವೇ ಗಂಟೆಗಳ ದಾರಿ. ವೈದ್ಯರನ್ನು ಕಾಣುವುದಿತ್ತು, ಮತ್ತು ತಾನೂ ನೆರೆಹೊರೆಯವರೂ ಹೆಣೆದಿದ್ದ ಸುಮಾರು ನಲವತ್ತು ಶಾಲುಗಳನ್ನು ಮಾರುವುದಿತ್ತು. ಪ್ರಯಾಣಿಕರೆಂದರೆ ಅವಳೊಬ್ಬಳೇ. ದಾರಿಗೆಂದು ಒಂದು ಬಾಟಲಿ ಹಾಲು, ಒಂದೆರಡು ಬಿಸ್ಕತ್ತು.

ಬಂದರು ಬಿಟ್ಟು ಸ್ವಲ್ಪ ಹೊತ್ತಿಗೇ ಬಿರುಗಾಳಿಯಲ್ಲಿ ದೋಣಿಯ ಯಜಮಾನ ಕಡಲಿಗೆ ಬಿದ್ದ. ಉಳಿದಿದ್ದ ಇಬ್ಬರು ನಾವಿಕರು ಅವನನ್ನು ಉಳಿಸಲು ಸಣ್ಣ ದೋಣಿಯನ್ನು ಇಳಿಸಿಕೊಂಡು ಹೋದರು. ಅವನು ಸಿಗಲಿಲ್ಲ, ಇವರಿಗೆ ಕೊಲಂಬೈನನ್ನು ಮತ್ತೆ ಹಿಡಿಯಲೂ ಆಗಲಿಲ್ಲ. ಹಾಯಿ ಬಿಚ್ಚಿದ್ದ ದೋಣಿ, ಒಳಗಿನ ಕೋಣೆಯಲ್ಲಿ ಒಬ್ಬಂಟಿ ಬೆಟ್ಟಿಯನ್ನು ಹೊತ್ತುಕೊಂಡು, ತಾನಾಗಿಯೇ ಕಡಲಿಗೆ ಹೊರಟುಹೋಯಿತು. ಹುಡುಕಲು ಹೋದ ಉಗಿಹಡಗು ಬರಿಗೈಯಲ್ಲಿ ಮರಳಿತು. ಊರಿನವರು ಅವಳನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದರು. ಎಂಟು ದಿನಗಳ ನಂತರ, ಫೆಬ್ರವರಿ 7ರಂದು, ದೋಣಿಯು ಬಂಡೆಗಳ ನಡುವೆ ನುಸುಳಿ ನಾರ್ವೆಯ ಆಲೆಸುಂಡ್ ಪಟ್ಟಣಕ್ಕೆ ಉತ್ತರದ ಲೆಪ್ಸೋಯ ದ್ವೀಪದ ದಡಕ್ಕೆ ಬಂದು ಬಡಿಯಿತು. ದ್ವೀಪದ ಜನ ಬೆಟ್ಟಿಯನ್ನು ಜೀವಂತವಾಗಿ ಇಳಿಸಿಕೊಂಡರು. ಅವಳ ಮಾತು ಅವರಿಗೆ ತಿಳಿಯದು, ಅವರ ಮಾತು ಅವಳಿಗೆ ತಿಳಿಯದು.

ಪತ್ರಿಕೆಗಳು ಅವಳನ್ನು ಲೋಕಪ್ರಸಿದ್ಧಳನ್ನಾಗಿ ಮಾಡಿದವು. ವಿಕ್ಟೋರಿಯಾ ರಾಣಿ 20 ಪೌಂಡ್ ಕಳುಹಿಸಿದಳು. ಎಡಿನ್‌ಬರೋದಲ್ಲಿ ತಂಗಿದ್ದಾಗ ನೋಡಲು ಜನ ಸಾಲುಗಟ್ಟಿದರು. ಕೊನೆಗೆ ತನ್ನ ಹಳ್ಳಿಗೆ ಮರಳಿದ ಬೆಟ್ಟಿ 1918ರವರೆಗೆ, ಎಂದರೆ ತೊಂಬತ್ತು ದಾಟಿ, ಬದುಕಿದ್ದಳು.

ಅಜ್ಜಿ ಕಥೆ ಮುಗಿಸಿ, ದಾರದುಂಡೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಹೋಗುವ ಮುನ್ನ ಒಂದು ಮಾತು ಹೇಳಿದರು: "ಎಲ್ಲರೂ ಹಾಲಿನ ಬಾಟಲಿಯ ಮಾತನ್ನೇ ಆಡುತ್ತಾರೆ. ಚಳಿಗಾಲದ ಜನವರಿಯಲ್ಲಿ, ಕಾಲು ಸರಿಯಿಲ್ಲದ ಮುದುಕಿಯೊಬ್ಬಳು ನಲವತ್ತು ಶಾಲು ಹೊತ್ತುಕೊಂಡು ಯಾಕೆ ಹೊರಡಬೇಕಾಯಿತು ಎಂದು ಯಾರೂ ಕೇಳುವುದಿಲ್ಲ." ಅವರ ಹೆಸರನ್ನೂ ನಾನು ಕೇಳಿಕೊಳ್ಳಲಿಲ್ಲ. ಬೆಳಗ್ಗೆ ಇಳಿಯುವ ಗದ್ದಲದಲ್ಲಿ ಅವರು ಮತ್ತೆ ಕಾಣಿಸಲಿಲ್ಲ.

ಕಮ್ಮಟದ ವಿವರಗಳನ್ನು ಹೇಳಿ ನಿಮ್ಮನ್ನು ಬೇಸರಪಡಿಸುವುದಿಲ್ಲ. 'ಹ್ಯಾಪ್' ಎಂಬ, ನಿತ್ಯದ ಬಳಕೆಯ ಶಾಲಿನ ಅಂಚನ್ನು ಹೆಣೆಯುವುದನ್ನು ಕಲಿತೆವು. ಆ ಪದಕ್ಕೆ ಅವರ ನುಡಿಯಲ್ಲಿ ಹೊದೆಯುವುದು ಎಂದೇ ಅರ್ಥ. ಇನ್ನೊಂದು ಬಗೆಯ, ಉಂಗುರದೊಳಗಿಂದ ಎಳೆಯಬಹುದಾದಷ್ಟು ತೆಳುವಾದ ಮದುವೆಯ ಶಾಲುಗಳನ್ನು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಕಂಡೆವು. ನಮ್ಮ ಮೈಸೂರು ರೇಷ್ಮೆಯವರೂ ತಲೆದೂಗುವಂಥವು. ನನ್ನ ಪಕ್ಕದಲ್ಲಿ ಕುಳಿತಾಕೆ ನಾರ್ವೆಯ ಆಲೆಸುಂಡಿನ ಕಡೆಯವಳು ಎಂದು ತಿಳಿದಾಗ ನಾನು ಬೆಟ್ಟಿಯ ಹೆಸರೆತ್ತಿದೆ. ಆಕೆ ನಕ್ಕು, ಆ ಕಥೆ ತಮ್ಮ ಕಡೆಯಲ್ಲೂ ಇದೆಯೆಂದಳು. ಅವರ ಕಡೆಯ ಕಥೆಯಲ್ಲಿ ನಾಯಕಿ ಬೆಟ್ಟಿಯಲ್ಲ, ಅವಳನ್ನು ದಡಕ್ಕೆ ತಂದ ಬೆಸ್ತರು. ಚರಿತ್ರೆ ಯಾವ ದಡದಿಂದ ನೋಡಿದರೆ ಹೇಗೆ ಕಾಣುತ್ತದೆಂದು ಹತ್ತನೆಯ ತರಗತಿಯಲ್ಲಿ ನಾನು 1857ರ ಪಾಠ ಮಾಡುವಾಗ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು.

ಆದರೆ ಅಜ್ಜಿಯ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಲೆರ್ವಿಕ್ಕಿನ ವಸ್ತುಸಂಗ್ರಹಾಲಯದ ಕಟ್ಟಡದಲ್ಲೇ ದಾಖಲೆಗಳ ಭಂಡಾರವೂ ಇದೆ. ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ ಅಲ್ಲಿ ಆಶ್ರಯ ಪಡೆದಾಗ, ಮೇಜಿನ ಬಳಿ ಇದ್ದ ತರುಣನನ್ನು ಸುಮ್ಮನೆ ಕೇಳಿದೆ. ಅವನು ಒಳಗೆ ಹೋಗಿ, ಇಟ್ಟಿಗೆಯಂಥ ಒಂದು ಮುದ್ರಿತ ಸಂಪುಟವನ್ನು ತಂದು ನನ್ನ ಮುಂದಿಟ್ಟ. 1872ರ 'ಟ್ರಕ್' ವಿಚಾರಣೆಯ ವರದಿ ಅದು. ಲಾರಿಗೂ ಇದಕ್ಕೂ ಸಂಬಂಧವಿಲ್ಲ. ದುಡಿದವರಿಗೆ ನಾಣ್ಯದ ಬದಲು ಅಂಗಡಿಯ ಸಾಮಾನನ್ನು ಕೊಡುವ ಪದ್ಧತಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಸರ್ಕಾರ ನೇಮಿಸಿದ ವಿಲಿಯಂ ಗುತ್ರಿ ಎಂಬ ಅಧಿಕಾರಿ ಆ ವರ್ಷದ ಜನವರಿಯಲ್ಲಿ ಲೆರ್ವಿಕ್ಕಿನಲ್ಲಿ ಕುಳಿತು ಹೆಣೆಯುವ ಹೆಂಗಸರನ್ನೂ, ಬೆಸ್ತರನ್ನೂ, ವರ್ತಕರನ್ನೂ ಒಬ್ಬೊಬ್ಬರಾಗಿ ಕರೆದು ಪ್ರಶ್ನಿಸಿದ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ, ಪುಟಗಟ್ಟಲೆ. ಓದು ಬರಹ ಬಲ್ಲವರು, ಬಾರದವರು, ಎಲ್ಲರ ಮಾತೂ ಇದ್ದಂತೆಯೇ ಅಚ್ಚಾಗಿದೆ. ನಮ್ಮ ನೇಯ್ಗೆಯವರ, ಬೀಡಿ ಕಟ್ಟುವವರ ಮಾತನ್ನು ಆ ಕಾಲದಲ್ಲಿ ಯಾರಾದರೂ ಹೀಗೆ ಬರೆದುಕೊಂಡಿದ್ದರೆ ಎಂದು ಹೊಟ್ಟೆ ಉರಿಯಿತು.

ಹೆಂಗಸರು ಹೇಳಿದ್ದರ ಸಾರ ಇಷ್ಟು. ಶಾಲು ತಂದುಕೊಟ್ಟರೆ ವರ್ತಕ ಚಹಾ ಕೊಡುತ್ತಾನೆ, ಹತ್ತಿ ಬಟ್ಟೆ ಕೊಡುತ್ತಾನೆ, ಹಣ ಕೊಡುವುದಿಲ್ಲ. ಹಣ ಕೇಳುವ ರೂಢಿಯೇ ಇಲ್ಲ. ಕೇಳಿದರೂ ಸಿಗುವುದು ಕಷ್ಟ. ಹೊಟ್ಟೆಗೆ ಬೇಕಾದದ್ದು ಹಿಟ್ಟು, ಸಿಕ್ಕಿದ್ದು ಚಹಾ. ಆ ಚಹಾದ ಪೊಟ್ಟಣವನ್ನು ಹಿಡಿದು ನೆರೆಮನೆಗಳಿಗೆ ಹೋಗಿ ಹಿಟ್ಟಿಗೆ ಬದಲಾಯಿಸಿಕೊಳ್ಳಬೇಕು. ಬಾಡಿಗೆ ಕಟ್ಟಬೇಕಾದ ದಿನ ಚಹಾ ಯಾವ ಪ್ರಯೋಜನಕ್ಕೂ ಬಾರದು. ಇದಕ್ಕೆ ಸುಮಾರು ಮೂವತ್ತೈದು ವರ್ಷಗಳ ಹಿಂದೆ, 1837ರಲ್ಲಿ, ಶೆಟ್ಲೆಂಡಿನವನೇ ಆದ ಆರ್ಥರ್ ಆಂಡರ್ಸನ್ ಎಂಬಾತ ಇದೇ ಊರಿನ ಹೆಣಿಗೆಯನ್ನು ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಕೊಟ್ಟು, ಅದನ್ನು ಶ್ರೀಮಂತರ ಮೆಚ್ಚುಗೆಯ ವಸ್ತುವಾಗಿಸಿದ್ದ. ಮುಂಬಯಿಗೆ ಆಂಗ್ಲರನ್ನು ಹೊತ್ತು ತರುತ್ತಿದ್ದ ಪಿ ಅಂಡ್ ಓ ಹಡಗುಗಳ ಸ್ಥಾಪಕರಲ್ಲಿ ಒಬ್ಬ ಅವನು. ಲೆರ್ವಿಕ್ಕಿಗೆ ಒಂದು ಶಾಲೆಯನ್ನೂ ಕಟ್ಟಿಸಿಕೊಟ್ಟ ದಾನಿ. ಅವನನ್ನು ನಾನು ದೂರಲಾರೆ. ಆದರೂ ಶಾಲಿನ ಕೀರ್ತಿ ರಾಣಿಯ ಹೆಗಲವರೆಗೆ ಏರಿದಾಗ ಅದರ ಬೆಲೆ ಹೆಣೆದವಳ ಕೈಗೆ ಚಹಾದ ಪೊಟ್ಟಣವಾಗಿ ಬಂತು ಎಂಬುದು ಆ ಸಂಪುಟದಲ್ಲಿದೆ.

ಮನೆಯಲ್ಲೇ ಕುಳಿತು ಹೆಣೆಯುವವರ ಸಾಮಾನಿಗೂ ನಾಣ್ಯದಲ್ಲೇ ಬೆಲೆ ಕೊಡಬೇಕೆಂಬ ಕಾನೂನು ಬಂದದ್ದು 1887ರಲ್ಲಿ. ರೂಢಿ ಮಾತ್ರ ಕೂಡಲೇ ನಿಲ್ಲಲಿಲ್ಲ. ಬೆಟ್ಟಿ ದೋಣಿ ಹತ್ತಿದ್ದು 1886ರ ಜನವರಿಯಲ್ಲಿ. ವಿಚಾರಣೆ ಮುಗಿದು ಹದಿನಾಲ್ಕು ವರ್ಷ, ಕಾನೂನಿಗೆ ಇನ್ನೂ ಒಂದು ವರ್ಷಕ್ಕೂ ಮೇಲೆ. ಖರೀದಿದಾರರು ಇದ್ದದ್ದು ಪಟ್ಟಣದಲ್ಲಿ. ಹಳ್ಳಿಯ ಹತ್ತಾರು ಮನೆಗಳ ಚಳಿಗಾಲದ ದುಡಿಮೆ ಒಂದು ಗಂಟಿನಲ್ಲಿತ್ತು. ಯಾರಾದರೊಬ್ಬರು ಹೋಗಲೇಬೇಕಿತ್ತು. ಹೇಗಿದ್ದರೂ ವೈದ್ಯರ ಬಳಿ ಹೊರಟಿದ್ದವಳ ಕೈಗೆ ಎಲ್ಲರೂ ತಮ್ಮ ಶಾಲನ್ನು ಕೊಟ್ಟರು.

ಆ ಪುಟಗಳನ್ನು ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಮಡಿಕೇರಿಯ ನಮ್ಮ ಅಡುಗೆಮನೆ. ಇದನ್ನು ನಾನು ಇದುವರೆಗೆ ಎಲ್ಲೂ ಬರೆದಿಲ್ಲ; ನನ್ನ ತಂಗಿಯ ಮಕ್ಕಳಿಗೂ ಗೊತ್ತಿರಲಾರದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಂಗಡಿಯೊಂದಕ್ಕೆ ಸ್ವೆಟರ್ ಹೆಣೆದುಕೊಡುತ್ತಿದ್ದಳು. ಮಡಿಕೇರಿಯ ಮಳೆಗೆ ಸ್ವೆಟರ್ ಬೇಡವೆನ್ನುವವರಾರು? ಉಲ್ಲನ್ ಅಂಗಡಿಯವರದೇ. ಹೆಣೆದದ್ದನ್ನು ನಾನೇ ಒಯ್ದು ಕೊಡುತ್ತಿದ್ದೆ. ಬರುವಾಗ ಅಕ್ಕಿ, ಬೆಲ್ಲ, ಸೀಮೆಎಣ್ಣೆ ತರುತ್ತಿದ್ದೆ. ಉದ್ದನೆಯ ಒಂದು ಪುಸ್ತಕದಲ್ಲಿ ಅವರು ಲೆಕ್ಕ ಬರೆದುಕೊಡುತ್ತಿದ್ದರು. ನಮ್ಮನ್ನು ಕಾಪಾಡಿದ ಪುಣ್ಯಾತ್ಮರು ಅವರೆಂದೇ ಅರವತ್ತು ವರ್ಷ ನಂಬಿದ್ದೆ. ಬಹುಶಃ ಅವರೂ ಹಾಗೆಯೇ ನಂಬಿದ್ದರು, ಕೆಟ್ಟವರೇನಲ್ಲ. ಶಾಲೆಯ ಶುಲ್ಕ ಕಟ್ಟುವ ದಿನ ಅಮ್ಮ ನೆರೆಮನೆಗೆ ಹೋಗಿ ಬೆಲ್ಲದ ಅಚ್ಚು ಕೊಟ್ಟು ಚಿಲ್ಲರೆ ತರುತ್ತಿದ್ದುದನ್ನು ಮಾತ್ರ ನಾನು ಆವರೆಗೆ ಒಂದು ಘಟನೆಯೆಂದು ಎಣಿಸಿರಲೇ ಇಲ್ಲ. ಲೆರ್ವಿಕ್ಕಿನ ಆ ಮೇಜಿನ ಮುಂದೆ, 1872ರ ಯಾರೋ ಹೆಂಗಸಿನ ಚಹಾದ ಪೊಟ್ಟಣವನ್ನು ಓದುತ್ತಿದ್ದಾಗ, ಅಮ್ಮನ ಸೆರಗಿನಲ್ಲಿದ್ದ ಬೆಲ್ಲದ ಅಚ್ಚು ನೆನಪಾಯಿತು. ಆ ತರುಣ ಗಾಬರಿಯಾಗಿ ನೀರು ತಂದುಕೊಟ್ಟ.

ಹೊರಡುವ ಹಿಂದಿನ ದಿನ ಬಸ್ಸಿನಲ್ಲಿ ಸ್ಕ್ಯಾಟ್ನೆಸ್ಸಿಗೆ ಹೋಗಿದ್ದೆ. ನಾರ್ವೆಯಾಕೆಯೂ ಬಂದಳು. ಬೆಟ್ಟಿಯ ಕಲ್ಲಿನ ಮನೆ ಈಗ ಪ್ರವಾಸಿಗರು ರಾತ್ರಿ ತಂಗುವ ಸರಳ ಬಿಡಾರವಾಗಿದೆ. ಹತ್ತಿರದಲ್ಲೇ ಸಂಬರೋ ವಿಮಾನನಿಲ್ದಾಣ; ಮೋಡದೊಳಗಿಂದ ಒಂದು ಪುಟ್ಟ ವಿಮಾನ ಇಳಿಯಿತು. ಗಾಳಿಗೆ ನಿಲ್ಲಲಾರದೆ ನಾವಿಬ್ಬರೂ ಗೋಡೆಯ ಮರೆಗೆ ಸರಿದು, ಅವಳು ತಂದಿದ್ದ ಫ್ಲಾಸ್ಕಿನ ಕಾಫಿ ಕುಡಿದೆವು.

ಊರಿಗೆ ಬಂದ ಮೇಲೆ ಹಳೆಯ ಟ್ರಂಕಿನಿಂದ ಅಂಗಡಿಯ ಲೆಕ್ಕದ ಪುಸ್ತಕವನ್ನು ಹುಡುಕಿ ತೆಗೆದೆ. ಎಷ್ಟು ಪುಟ ತಿರುವಿದರೂ ನಗದು ಕೊಟ್ಟದ್ದೆಂದು ಒಂದು ಸಾಲೂ ಕಾಣಲಿಲ್ಲ. ಕೊನೆಯ ಬರಹ 1962ರ ನವೆಂಬರಿನದು. ಚೀನಾದೊಡನೆ ಯುದ್ಧ ನಡೆಯುತ್ತಿದ್ದ ಆ ತಿಂಗಳು ಶಾಲೆಯ ಮಕ್ಕಳಾದ ನಾವೆಲ್ಲ ಗಡಿಯ ಜವಾನರಿಗೆಂದು ಮಫ್ಲರ್ ಹೆಣೆದಿದ್ದೆವು. ಅಮ್ಮ ತನ್ನ ಪಾಲಿನದೆಂದು ಒಂದು ತುಂಬುತೋಳಿನ ಸ್ವೆಟರ್ ಹೆಣೆದು ಕಳುಹಿಸಿದ್ದಳು. ಅದಕ್ಕೆ ಉಲ್ಲನ್ ಎಲ್ಲಿಂದ ಬಂತೆಂದು ಹನ್ನೆರಡು ವರ್ಷದ ನಾನು ಕೇಳಿರಲಿಲ್ಲ. ಪುಸ್ತಕದಲ್ಲಿ ಹೀಗಿದೆ: ಹಸಿರು ಉಲ್ಲನ್, ಜವಾನರ ಬಾಬ್ತು, 9 ರೂಪಾಯಿ 50 ನಯೇಪೈಸೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಬಾಕಿ.