ಹೆಚ್ಚು ದೂರ ಓಡಿದ ಹಳೆಯ ಕಾರಿನ ಖರೀದಿ: ಬಾಗೂರು ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಹಾಸನ ಜಿಲ್ಲೆ, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಲ್ಲಿ ಕುಟುಂಬವೊಂದು ಕಾರು ಕೊಳ್ಳಲು ಯೋಚಿಸುವುದು ಬಹುಮಟ್ಟಿಗೆ ಅಗತ್ಯಕ್ಕಾಗಿ. ರಾತ್ರಿ ವೇಳೆ ರೋಗಿಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಬಸ್ಸು ದೊರೆಯುವುದಿಲ್ಲ. ಚನ್ನರಾಯಪಟ್ಟಣ ತಲುಪಿದ ಮೇಲೂ ಹಾಸನಕ್ಕೆ ಸುಮಾರು 40 ಕಿ.ಮೀ. ಉಳಿಯುತ್ತದೆ. ಹೊಸ ಕಾರಿನ ಬೆಲೆ ಕೈಗೆಟುಕದಿದ್ದಲ್ಲಿ, ತೆಂಗಿನಕಾಯಿ, ಕೊಬ್ಬರಿ ಮಾರಿ ಕೂಡಿಟ್ಟ ಹಣದಲ್ಲಿ ಹಳೆಯ ಕಾರನ್ನೇ ಕೊಳ್ಳಬೇಕಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣದ ಮೂಲಕ ಹಾದುಹೋಗುವುದರಿಂದ ಬೆಂಗಳೂರಿನಲ್ಲಿ ಬಳಕೆಯಾದ ಕಾರುಗಳು ಈ ಭಾಗಕ್ಕೆ ಸುಲಭವಾಗಿ ಬರುತ್ತವೆ. ಇವುಗಳಲ್ಲಿ ಬೆಲೆ ಕಡಿಮೆ ಇರುವವು ಸಾಮಾನ್ಯವಾಗಿ ಒಂದು ಲಕ್ಷ ಕಿ.ಮೀ. ದಾಟಿದವು. ಅಂತಹ ಕಾರನ್ನು ಕೊಳ್ಳಬಹುದೇ ಎಂಬುದನ್ನು ನಿರ್ಧರಿಸಲು ಈ ಕೆಳಗಿನ ಮಾಹಿತಿ ಉಪಯುಕ್ತವಾಗಿರುತ್ತದೆ.

ಓಡಿದ ದೂರದ ಅರ್ಥ

ಓಡೋಮೀಟರಿನ ಅಂಕಿಯೊಂದನ್ನೇ ನೋಡಿ ಕಾರನ್ನು ಒಪ್ಪುವುದಾಗಲಿ ತಿರಸ್ಕರಿಸುವುದಾಗಲಿ ಸರಿಯಲ್ಲ. ಉದಾಹರಣೆಗೆ, 6 ವರ್ಷದಲ್ಲಿ 1,50,000 ಕಿ.ಮೀ. ಓಡಿದ ಒಂದು ಕಾರು ಮತ್ತು 13 ವರ್ಷದಲ್ಲಿ 60,000 ಕಿ.ಮೀ. ಓಡಿದ ಇನ್ನೊಂದು ಕಾರು ಮಾರಾಟಕ್ಕಿವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ದಿನಕ್ಕೆ ಸರಾಸರಿ 68 ಕಿ.ಮೀ. ಓಡಿದೆ. ಅದು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗಿದ ದೂರವಾಗಿದ್ದು, ಕಾಲಕಾಲಕ್ಕೆ ಆಯಿಲ್ ಬದಲಿಸಿದ್ದರೆ, ಎಂಜಿನ್ ಇನ್ನೂ ಸುಸ್ಥಿತಿಯಲ್ಲಿರುವ ಸಂಭವವಿದೆ. ಎರಡನೆಯದು ದಿನಕ್ಕೆ 13 ಕಿ.ಮೀ.ಗಿಂತ ಕಡಿಮೆ ಓಡಿದೆ. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸುವ ಸಣ್ಣ ಓಡಾಟಗಳಿಂದ ಆಯಿಲ್ ಬೇಗ ಕೆಡುತ್ತದೆ, ಬಹುಕಾಲ ನಿಂತ ಕಾರಿನ ರಬ್ಬರ್ ಕೊಳವೆಗಳು ಒಣಗಿ ಬಿರಿಯುತ್ತವೆ. ಇಷ್ಟು ಕಡಿಮೆ ಅಂಕಿಯೇ ಸಂಶಯಕ್ಕೂ ಕಾರಣವಾಗಬೇಕು, ಏಕೆಂದರೆ ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಡಿಜಿಟಲ್ ಮೀಟರುಗಳೂ ಇದಕ್ಕೆ ಹೊರತಲ್ಲ.

ಹೆದ್ದಾರಿಯ ದೂರವೆಂದರೂ ಎಲ್ಲವೂ ಒಂದೇ ಅಲ್ಲ. ಬೆಂಗಳೂರಿನಿಂದ ಹಾಸನದವರೆಗೆ ಓಡಾಡಿದ ಕಾರಿಗಿಂತ, ಅದೇ ರಸ್ತೆಯಲ್ಲಿ ಮುಂದುವರಿದು ಶಿರಾಡಿ ಘಾಟಿಯನ್ನು ಪದೇ ಪದೇ ಹತ್ತಿ ಇಳಿದ ಕಾರಿನ ಕ್ಲಚ್ ಮತ್ತು ಬ್ರೇಕುಗಳು ಹೆಚ್ಚು ಸವೆದಿರುತ್ತವೆ.

ಅಂಕಿಯ ಸತ್ಯಾಸತ್ಯತೆಯನ್ನು ಬೇರೆ ದಾಖಲೆಗಳಿಂದ ತಾಳೆ ನೋಡತಕ್ಕದ್ದು. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಗಳಲ್ಲಿ ಪ್ರತಿ ಸರ್ವಿಸ್‌ನ ದಿನಾಂಕ ಮತ್ತು ಕಿ.ಮೀ. ದಾಖಲಾಗಿರುತ್ತದೆ, ಅದರ ಪ್ರತಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಬಹುದು. ಫಾಸ್ಟ್ಯಾಗ್ ಖಾತೆಯ ವಿವರದಿಂದ ಕಾರು ಎಷ್ಟು ಬಾರಿ ಯಾವ ಟೋಲ್ ದಾಟಿದೆ ಎಂಬುದು ತಿಳಿಯುತ್ತದೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ: 3519 ಎಂದರೆ 2019ರ 35ನೇ ವಾರ. 40,000 ಕಿ.ಮೀ. ತೋರಿಸುವ ಕಾರಿನಲ್ಲಿ ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ ಸವೆದಿದ್ದರೆ, ಸ್ಟೇರಿಂಗಿನ ಮೇಲ್ಪದರ ಹೊಳಪೇರಿದ್ದರೆ, ಚಾಲಕನ ಆಸನ ಕುಸಿದಿದ್ದರೆ ಅಂಕಿಯನ್ನು ನಂಬುವಂತಿಲ್ಲ. ಈ ದಾಖಲೆಗಳಲ್ಲಿ ಒಂದನ್ನೂ ತೋರಿಸಲು ಒಪ್ಪದ ಮಾರಾಟಗಾರರೊಡನೆ ವ್ಯವಹಾರ ಮುಂದುವರಿಸದಿರುವುದು ಲೇಸು.

ಹಿಂದೆ ಟ್ಯಾಕ್ಸಿಯಾಗಿದ್ದ ಕಾರುಗಳು

ಹಳದಿ ಫಲಕದ ಬಾಡಿಗೆ ಕಾರುಗಳನ್ನು ನಿಯಮಾನುಸಾರ ಖಾಸಗಿ ವಾಹನವಾಗಿ ಪರಿವರ್ತಿಸಿ ಬಿಳಿ ಫಲಕದಲ್ಲಿ ಮಾರುವುದುಂಟು. ಇದರಲ್ಲಿ ಕಾನೂನುಬಾಹಿರವಾದುದೇನೂ ಇಲ್ಲ. ಆದರೆ ಹಲವು ಚಾಲಕರ ಕೈಯಲ್ಲಿ ಹಗಲು ರಾತ್ರಿ ಓಡಿದ ಕಾರನ್ನು ಖಾಸಗಿ ಕಾರಿನ ಬೆಲೆಗೆ ಕೊಳ್ಳುವ ಅಗತ್ಯವಿಲ್ಲ. ಇನ್ನೂ ಪರಿವರ್ತನೆಯಾಗದ ಕಾರಾದಲ್ಲಿ ಪರವಾನಗಿಯನ್ನು ಹಿಂದಿರುಗಿಸಿ, ವ್ಯತ್ಯಾಸದ ತೆರಿಗೆ ಕಟ್ಟಿ, ಪರಿವರ್ತನೆ ಪೂರ್ಣಗೊಳಿಸುವ ಹೊಣೆ ಯಾರದೆಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಇತ್ಯರ್ಥಪಡಿಸಿಕೊಳ್ಳತಕ್ಕದ್ದು.

ಯಾಂತ್ರಿಕ ತಪಾಸಣೆ

ಕಾರನ್ನು ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗ ನೋಡಬೇಕು. ಮೊದಲೇ ಚಾಲೂ ಮಾಡಿ ಕಾಯಿಸಿಟ್ಟ ಎಂಜಿನ್ ತನ್ನ ದೋಷಗಳನ್ನು ಮುಚ್ಚಿಕೊಳ್ಳುತ್ತದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಲಕ್ಷಣ. ಎಂಜಿನ್ ಕಾದ ನಂತರವೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪುನೀರು ಎಂಜಿನ್‌ನ ಒಳಸೇರುತ್ತಿರಬಹುದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದಲ್ಲಿ ತಯಾರಕರು ಸೂಚಿಸಿದ ಅವಧಿಗೆ ಅದನ್ನು ಬದಲಿಸಲಾಗಿದೆಯೇ ಎಂಬುದಕ್ಕೆ ಬಿಲ್ಲು ಕೇಳಬೇಕು. ಓಟದಲ್ಲಿ ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್‌ಗೆ ತಗುಲಿ, ದುರಸ್ತಿಯ ಖರ್ಚು ಕಾರಿನ ಬೆಲೆಯ ದೊಡ್ಡ ಭಾಗವನ್ನೇ ನುಂಗುತ್ತದೆ. ತಪಾಸಣೆಗೆ ಕೊಳ್ಳುವವರು ತಮಗೆ ಪರಿಚಯವಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯುವುದು ಸೂಕ್ತ; ಮಾರಾಟಗಾರರು ಗೊತ್ತುಮಾಡಿದವರು ಸಾಲದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವಿರುತ್ತದೆ. ಅದು ತಾನಾಗಿ ಶುದ್ಧಗೊಳ್ಳಲು ಕಾರು ಆಗಾಗ ಹೆದ್ದಾರಿಯಲ್ಲಿ ದೂರ ಓಡಬೇಕು. ಬಾಗೂರಿನಿಂದ ತೋಟಕ್ಕೆ, ಸಂತೆಗೆ, ಶಾಲೆಗೆ ಮಾತ್ರ ಓಡಾಡುವ ಮನೆಗೆ ಇಂತಹ ಡೀಸೆಲ್ ಕಾರು ಹೊಂದುವುದಿಲ್ಲ.

ತಪಾಸಣೆಯ ನಂತರ ಲೆಕ್ಕ ಹಾಕಬೇಕು. ಹೆಚ್ಚು ಓಡಿದ ಕಾರು 70,000 ರೂ. ಅಗ್ಗಕ್ಕೆ ದೊರೆಯುತ್ತಿದ್ದು, ನಾಲ್ಕು ಟೈರು, ಕ್ಲಚ್ ಮತ್ತು ಶಾಕ್ ಅಬ್ಸಾರ್ಬರುಗಳಿಗೆ ಅಷ್ಟೇ ಹಣ ಬೇಕಾಗುವುದಾದರೆ ಆ ಅಗ್ಗದಿಂದ ಪ್ರಯೋಜನವಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಸಿಂಧುವಾಗಿದ್ದು, ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ತಪಾಸಣೆಗೆ ಒಳಪಡಿಸಿ, 5 ವರ್ಷಗಳಿಗೊಮ್ಮೆ ನವೀಕರಿಸಬೇಕಾಗುತ್ತದೆ. ಕೇಂದ್ರ ನಿಯಮಗಳಲ್ಲಿ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂ.ಗಳಿಂದ 5,000 ರೂ.ಗಳಿಗೆ ಏರಿಸಲಾಯಿತು. 13 ವರ್ಷದ ಕಾರನ್ನು ಕೊಳ್ಳುವವರು ಈ ವೆಚ್ಚವನ್ನೂ ಬೆಲೆಯಲ್ಲಿ ಸೇರಿಸಿ ನೋಡತಕ್ಕದ್ದು.

ಬೇರೆ ರಾಜ್ಯದ ವಾಹನಗಳು

ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಓಡಾಟವನ್ನು ನಿರ್ಬಂಧಿಸಿದ ನಂತರ ಅಲ್ಲಿನ ಕಾರುಗಳು ದೂರದ ರಾಜ್ಯಗಳಿಗೆ ಕಡಿಮೆ ಬೆಲೆಗೆ ಮಾರಾಟವಾದವು. ಇಂತಹ ಕಾರಿಗೆ ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಅವಶ್ಯ. ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಇವೆರಡೂ ಸೇರಿದಾಗ ಬೆಲೆಯ ಆಕರ್ಷಣೆ ಬಹುಪಾಲು ಕರಗುತ್ತದೆ.

ಮಾಲೀಕತ್ವ ವರ್ಗಾವಣೆ

ಕಾರಿನ ಸ್ಥಿತಿ ಎಷ್ಟೇ ಚೆನ್ನಾಗಿದ್ದರೂ ನೋಂದಣಿ ಪ್ರಮಾಣಪತ್ರದಲ್ಲಿ ಹೆಸರು ಬದಲಾಗದೆ ಖರೀದಿ ಪೂರ್ಣಗೊಳ್ಳುವುದಿಲ್ಲ. ಸಹಿ ಮಾಡಿದ ಖಾಲಿ ನಮೂನೆಗಳನ್ನು ಇಟ್ಟುಕೊಂಡು ವರ್ಷಗಟ್ಟಲೆ ಓಡಿಸುವ, ಹಾಗೆಯೇ ಇನ್ನೊಬ್ಬರಿಗೆ ಮಾರುವ ರೂಢಿ ಅಪಾಯಕಾರಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಹಲವರ ಕೈ ದಾಟಿದ್ದರೂ, ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರೆಂದು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ತೀರ್ಪಿತ್ತಿತು. ಇದು ಮಾರಿದವರಿಗೆ ಒದಗುವ ಸಂಕಷ್ಟ. ಕೊಂಡವರ ಸಂಕಷ್ಟ ಬೇರೆ: ವಿಮೆ ತಮ್ಮ ಹೆಸರಿಗೆ ಬದಲಾಗದಿದ್ದಲ್ಲಿ ಅಪಘಾತದಲ್ಲಿ ಕಾರಿಗೆ ಆದ ಹಾನಿಗೆ ಹಣ ದೊರೆಯದೆ ಹೋಗಬಹುದು.

ಮೋಟಾರು ವಾಹನಗಳ ಅಧಿನಿಯಮ 1988ರ ಕಲಂ 50ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ನಮೂನೆ 29ರಲ್ಲಿ, ಕೊಂಡವರು 30 ದಿನಗಳೊಳಗೆ ನಮೂನೆ 30ರಲ್ಲಿ ವರದಿ ಮಾಡತಕ್ಕದ್ದು. ವಿಮಾ ಕಂಪನಿಗೆ ಕೊಂಡವರು 14 ದಿನಗಳೊಳಗೆ ತಿಳಿಸಬೇಕು. ಹಿಂದಿನ ಮಾಲೀಕರ ನೋ ಕ್ಲೇಮ್ ರಿಯಾಯಿತಿ ಅವರಿಗೇ ಸೇರಿದ್ದು, ಕಾರಿನೊಂದಿಗೆ ಬರುವುದಿಲ್ಲ. ನೋಂದಣಿ ಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ ನಮೂನೆ 35ರ ಮೂಲಕ ಅದನ್ನು ಮೊದಲು ತೆಗೆಸಬೇಕು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಕಾರಾದರೆ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಅಳವಡಿಸಲಾಗಿದೆಯೇ, ಸಂಚಾರ ಪೊಲೀಸರ ದಂಡ ಬಾಕಿ ಇದೆಯೇ ಎಂಬುದನ್ನೂ ನೋಡಿಕೊಳ್ಳುವುದು.

ಮಾಲೀಕರು ಮೃತಪಟ್ಟಿದ್ದಲ್ಲಿ ಮನೆಯವರು ನೇರವಾಗಿ ಮಾರುವಂತಿಲ್ಲ. ಮೊದಲು ವಾರಸುದಾರರ ಹೆಸರಿಗೆ ನಮೂನೆ 31ರಲ್ಲಿ ವರ್ಗಾವಣೆಯಾಗಬೇಕು. ತಂದೆಯ ಕಾರನ್ನು ಮಗನಿಂದ ಕೊಳ್ಳುವವರು, ಪರಿಚಿತರೆಂಬ ಕಾರಣಕ್ಕೆ, ಇದನ್ನು ಕೇಳಲು ಸಂಕೋಚಪಡುವುದುಂಟು. ಸಂಕೋಚಪಡಬೇಕಾಗಿಲ್ಲ.

ವ್ಯಾಪಾರಿಗಳ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅವರು ನೋಂದಣಿ ಪ್ರಾಧಿಕಾರದಿಂದ ಪಡೆದಿರಬೇಕಾದ ಅಧಿಕಾರ ಪತ್ರವನ್ನು ತೋರಿಸುವಂತೆ ಕೇಳಬಹುದು. ಓಡಿದ ದೂರವನ್ನು ಸುಳ್ಳು ಹೇಳಿ ಮಾರಿದ ವ್ಯಾಪಾರಿಯ ವಿರುದ್ಧ ಹಾಸನದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ, ಆದುದರಿಂದ ಕಿ.ಮೀ. ಅಂಕಿಯನ್ನು ರಸೀದಿಯಲ್ಲೇ ಬರೆಸಿಕೊಳ್ಳತಕ್ಕದ್ದು.

ಬಾಗೂರು ಹೋಬಳಿಯ ನಿವಾಸಿಗಳು ವರ್ಗಾವಣೆಯ ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲಿ, ಕೆಎ-13 ಸಂಕೇತದ ಹಾಸನ ಪ್ರಾದೇಶಿಕ ಸಾರಿಗೆ ಕಚೇರಿಗೆ ಸಲ್ಲಿಸಬಹುದು. ರಾಜ್ಯದೊಳಗಿನ ವರ್ಗಾವಣೆಯಲ್ಲಿ ಕಾರಿನ ಹಳೆಯ ನೋಂದಣಿ ಸಂಖ್ಯೆಯೇ ಮುಂದುವರಿಯುತ್ತದೆ.