ಫಿಟ್ಸ್‌ರಾಯ್ ಪೇಟೆಯ ಪೂರ್ವೋತ್ತರ

ಮೆಲ್ಬರ್ನ್ ಪಟ್ಟಣವು ತಲೆಯೆತ್ತಿ ನಾಲ್ಕೈದು ವರ್ಷಗಳಾಗುವಷ್ಟರಲ್ಲಿಯೇ, ವುರುಂಡ್ಜೆರಿ ಜನರು ತಲೆತಲಾಂತರದಿಂದ ಬಾಳಿಬಂದಿದ್ದ ಅದರ ಈಶಾನ್ಯದ ಮಗ್ಗುಲಿನ ಭೂಮಿಯನ್ನು 1839ರಲ್ಲಿ ಹೋಳುಹೋಳಾಗಿ ಮಾರಿ ಕಟ್ಟಿದ ಮೊತ್ತಮೊದಲ ಉಪನಗರ ಫಿಟ್ಸ್‌ರಾಯ್. ಕೊಂಡವರು ಕೊಂಡುದನ್ನು ಮತ್ತೆ ಸೀಳಿ ಮಾರಿದುದರಿಂದ ಇಲ್ಲಿ ಸಂದಿಗೊಂದಿಗಳೇ ಬೀದಿಗಳಾದವು. ಗೋಡೆಗೆ ಗೋಡೆ ತಾಗಿದ ಸಾಲುಮನೆಗಳ ಹಿಂದೆ ಕರಿಗಲ್ಲು ಹಾಸಿದ ಓಣಿಗಳು ಹರಿದವು.

ಈ ಪೇಟೆಯ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದುದು ಮಿಠಾಯಿಯ ಅಧ್ಯಾಯ. 1880ರಲ್ಲಿ ಮ್ಯಾಕ್‌ಫರ್ಸನ್ ರಾಬರ್ಟ್‌ಸನ್ ಎಂಬ ತರುಣನು ಆರ್ಗೈಲ್ ಬೀದಿಯ ತನ್ನ ಮನೆಯ ಬಚ್ಚಲಿನಲ್ಲಿ, ಮೊಳೆಯ ಡಬ್ಬಿಯನ್ನೇ ಒಲೆಯಾಗಿಸಿ, ತಗಡಿನ ಪಾತ್ರೆಯಲ್ಲಿ ಪಾಕವೆತ್ತಿ, ಸಕ್ಕರೆಯ ಪ್ರಾಣಿಗಳನ್ನು ಅಚ್ಚು ಹೊಯ್ದು ಮಾರತೊಡಗಿದನು; ಅರ್ಧ ಶತಮಾನ ಕಳೆಯುವುದರೊಳಗೆ ಆ ಬಚ್ಚಲು ಬೀದಿಬೀದಿಗಳನ್ನು ನುಂಗಿದ ಚಾಕೊಲೇಟ್ ಕಾರ್ಖಾನೆಯಾಗಿ, ಗೋಡೆಗಳಿಗೆಲ್ಲ ಬಿಳಿಯ ಬಣ್ಣ, ಕೆಲಸಗಾರರಿಗೆಲ್ಲ ಬಿಳಿಯ ಉಡುಪು ಎಂಬ ಕಟ್ಟಳೆಯಿಂದ ‘ಬಿಳಿಯ ನಗರಿ’ ಎಂದು ಹೆಸರಾಯಿತು.

ಇಂತಹ ಬಿಳುಪಿನ ಪಕ್ಕದಲ್ಲಿಯೇ, 1930ರ ದಶಕದ ಆರ್ಥಿಕ ಕುಸಿತದಲ್ಲಿ, ಸೋರುವ ಮಾಡುಗಳ ಕೆಳಗೆ ಸಂಸಾರಗಳು ಇಕ್ಕಿರಿದು ಬಾಳುತ್ತಿದ್ದವು. ಓಸ್ವಾಲ್ಡ್ ಬಾರ್ನೆಟ್ ಎಂಬ ದೈವಭಕ್ತ ಲೆಕ್ಕಿಗನು ಮೆಲ್ಬರ್ನಿನ ಕೊಳಚೆಗೇರಿಗಳನ್ನು ಛಾಯಾಚಿತ್ರಗಳಲ್ಲಿ ಸೆರೆಹಿಡಿದು ಸರ್ಕಾರವನ್ನು ಎಚ್ಚರಿಸಿದುದರ ಫಲವಾಗಿ 1938ರಲ್ಲಿ ವಸತಿ ಆಯೋಗವು ಸ್ಥಾಪಿತವಾಯಿತು. ಕಾಲಾನಂತರದಲ್ಲಿ ಅದೇ ಆಯೋಗವು ಮನೆಗಳ ಸಾಲುಸಾಲನ್ನೇ ನೆಲಸಮಮಾಡಿ, ಆಥರ್ಟನ್ ಗಾರ್ಡನ್ಸ್ ಎಂಬಲ್ಲಿ ಇಪ್ಪತ್ತು ಅಂತಸ್ತುಗಳ ನಾಲ್ಕು ಕಟ್ಟಡಗಳನ್ನು ನಿಲ್ಲಿಸಿತು.

ಯುದ್ಧಾನಂತರ ಇಟಲಿ, ಗ್ರೀಸುಗಳಿಂದ ವಲಸಿಗರು ಬಂದರು. ಗೋರ್ ಬೀದಿಯ ಪುಟ್ಟ ಪ್ರಾರ್ಥನಾಲಯದಲ್ಲಿ ಮೂಲನಿವಾಸಿಗಳಿಗೆ ಧರ್ಮೋಪದೇಶ ಮಾಡುತ್ತಿದ್ದ, ಹಿಂದೆ ಇದೇ ಪೇಟೆಯ ಫುಟ್‌ಬಾಲ್ ತಂಡದಲ್ಲಿ ಆಡಿದ್ದ ಡಗ್ಲಸ್ ನಿಕೋಲ್ಸ್, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯಪಾಲರಾದರು. ಇತ್ತ 1967ರಲ್ಲಿ ಮಿಠಾಯಿಯ ಸಂಸ್ಥೆಯು ಕ್ಯಾಡ್‌ಬರಿಯ ಪಾಲಾಯಿತು. ಅಗ್ಗದ ಬಾಡಿಗೆಯನ್ನು ಅರಸಿ ವಿದ್ಯಾರ್ಥಿಗಳೂ ಕಲಾವಿದರೂ ಬಂದರು, ಅವರ ಬೆನ್ನಿಗೆ ಬ್ರನ್ಸ್‌ವಿಕ್ ಬೀದಿಗೆ ಕಾಫಿಯಂಗಡಿಗಳೂ, ಕಾಫಿಯಂಗಡಿಗಳ ಬೆನ್ನಿಗೆ ವಕೀಲರೂ ವೈದ್ಯರೂ ಬಂದರು. ಕೆಡವಲು ಯೋಗ್ಯವೆಂದು ಒಮ್ಮೆ ಮುದ್ರೆಯೊತ್ತಿಸಿಕೊಂಡಿದ್ದ ಜಾತಿಯ ಮನೆಗಳಿಗೆ ಈಗ ಶ್ರೀಮಂತರೇ ಪೈಪೋಟಿಯಿಂದ ಬೆಲೆ ಕೂಗುತ್ತಾರೆ.

ಆ ನಾಲ್ಕು ಕಟ್ಟಡಗಳನ್ನು ಕುರೂಪವೆಂದು ಹಳಿಯುವುದು ವಾಡಿಕೆ. ಕುರೂಪವೇನೋ ನಿಜ, ಆದರೆ ವಿಯೆಟ್ನಾಮಿನಿಂದಲೂ ಅನಂತರ ಪೂರ್ವ ಆಫ್ರಿಕದಿಂದಲೂ ದಿಕ್ಕೆಟ್ಟು ಬಂದವರಿಗೆ ಈ ಪೇಟೆಯಲ್ಲಿ ಬಾಗಿಲು ತೆರೆದುದು ಅಲ್ಲಿಯೇ ಎಂಬುದನ್ನು ಹಳಿಯುವವರು ಮರೆಯುತ್ತಾರೆ. 2023ರಲ್ಲಿ ವಿಕ್ಟೋರಿಯಾ ಸರ್ಕಾರವು ಮೆಲ್ಬರ್ನಿನ ಇಂತಹ 44 ಕಟ್ಟಡಗಳನ್ನೂ 2051ರೊಳಗಾಗಿ ತೆರವುಮಾಡಿ ಹೊಸದಾಗಿ ಕಟ್ಟುವುದಾಗಿ ಸಾರಿತು. ಮರುವರ್ಷವೇ ನಾರ್ತ್ ಮೆಲ್ಬರ್ನ್, ಫ್ಲೆಮಿಂಗ್ಟನ್ನುಗಳ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು.