ಕೊಂಕಣ ರೈಲ್ವೆಯ ಹೊಸ ವಾಹನಗಳು ಮತ್ತು ರಕ್ಷಣಾ ಸಾಧನಗಳು

ಕೊಂಕಣ ರೈಲ್ವೆ ನಿಗಮ ತನ್ನ ಮಾರ್ಗ ಪೂರ್ತಿಯಾದ ಮೇಲೆ ಸ್ವತಃ ರೂಪಿಸಿದ ಇಲ್ಲವೆ ದೇಶದಲ್ಲಿ ಮೊದಲಾಗಿ ಬಳಕೆಗೆ ತಂದ ವಾಹನ ಪದ್ಧತಿಗಳು ಮತ್ತು ಉಪಕರಣಗಳು. ಲಾರಿಗಳನ್ನು ಬೆನ್ನ ಮೇಲೆ ಹೊತ್ತು ಸಾಗುವ ರೋ-ರೋ ರೈಲು, ರೈಲುಗಳ ಡಿಕ್ಕಿ ತಪ್ಪಿಸುವ ರಕ್ಷಾ ಕವಚ, ಗುಡ್ಡ ಜರಿದರೆ ಸುದ್ದಿ ಕೊಡುವ ತಂತಿ, ಸೇತುವೆಗಳ ಮೇಲಿನ ಗಾಳಿಮಾಪಕ, ಹಳಿಯಿಂದ ಕೆಳಕ್ಕೆ ಜೋತು ಓಡಬೇಕಿದ್ದ ಸ್ಕೈಬಸ್ ಇವುಗಳಲ್ಲಿ ಮುಖ್ಯವಾದವು. ಉತ್ತರ ಕನ್ನಡದ ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲ್ಲೂಕುಗಳು ಈ ಮಾರ್ಗದ ಮೇಲಿವೆ. ಗಾಳಿಮಾಪಕಗಳಲ್ಲಿ ಒಂದು ಹೊನ್ನಾವರದ ಶರಾವತಿ ಸೇತುವೆಯ ಮೇಲಿದೆ, ಮಳೆಮಾಪಕಗಳಲ್ಲಿ ಒಂದು ಭಟ್ಕಳ ನಿಲ್ದಾಣದಲ್ಲಿದೆ. ಸ್ಕೈಬಸ್ ಮಾತ್ರ ಗೋವಾದ ಮಡಗಾಂವ ದಾಟಿ ಎಲ್ಲಿಗೂ ಬರಲಿಲ್ಲ.

ಮಾರ್ಗ ಮತ್ತು ನೆಲ

ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಬಲ ಪಡೆದ ಈ ಯೋಜನೆಗಾಗಿ 1990ರ ಜುಲೈ 19ರಂದು ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥರು ಇ. ಶ್ರೀಧರನ್. ಆರಂಭದ ಬಂಡವಾಳದಲ್ಲಿ ರೈಲ್ವೆ ಇಲಾಖೆಯ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ರಾಯಗಡ ಜಿಲ್ಲೆಯ ರೋಹಾದಿಂದ ಮಂಗಳೂರು ಸಮೀಪದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ಅದಕ್ಕೆ ಮುಂಚೆ ಕುಮಟಾ, ಹೊನ್ನಾವರ ಕಡೆಯವರು ರೈಲು ಹಿಡಿಯಬೇಕಾದರೆ ದೂರದ ಊರುಗಳಿಗೆ ಹೋಗಬೇಕಿತ್ತು.

ಮಾರ್ಗದ ಉದ್ದಕ್ಕೂ ಸಹ್ಯಾದ್ರಿಯ ಕಾಲುಗಳು ಕಡಲಿನತ್ತ ಚಾಚಿವೆ. ಒಂದು ಗುಡ್ಡ ದಾಟಿದರೆ ಒಂದು ಹೊಳೆ, ಹೊಳೆ ದಾಟಿದರೆ ಮತ್ತೊಂದು ಗುಡ್ಡ. ಹಾಗಾಗಿ ಇಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳೂ ಚಿಕ್ಕ ದೊಡ್ಡ ಸೇರಿ ಎರಡು ಸಾವಿರದಷ್ಟು ಸೇತುವೆಗಳೂ ಬೇಕಾದವು. ಇಡೀ ಮಾರ್ಗದ ಅತಿ ಉದ್ದದ ಸೇತುವೆ ಹೊನ್ನಾವರದಲ್ಲಿದೆ. ಶರಾವತಿಯ ಅಳಿವೆಯ ಹತ್ತಿರ ನದಿ ಅಗಲವಾಗಿ ಹರಡಿಕೊಂಡ ಕಡೆ ಕಟ್ಟಿದ ಇದರ ಉದ್ದ 2,065.8 ಮೀಟರ್. ಮಣ್ಣು ಬಹುತೇಕ ಚಿರೇಕಲ್ಲಿನದು. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಧರೆ ಮಳೆಗಾಲದಲ್ಲಿ ನೀರು ಕುಡಿದು ಭಾರವಾಗಿ ಜಾರುತ್ತದೆ. ಕೊಂಕಣ ರೈಲ್ವೆಯ ಸಾಧನಗಳನ್ನು ಅರ್ಥ ಮಾಡಿಕೊಳ್ಳಲು ಈ ನೆಲ, ಈ ಮಳೆ ಎರಡನ್ನೂ ಮೊದಲು ತಿಳಿಯಬೇಕು. ಇವೆರಡಕ್ಕೆ ಉತ್ತರವಾಗಿ ಹುಟ್ಟಿದ ಸಾಧನಗಳೇ ಉಳಿದುಕೊಂಡವು ಎಂಬುದು ಈ ಲೇಖನದ ಅಭಿಪ್ರಾಯ.

ರೋ-ರೋ ರೈಲು

ತುಂಬಿದ ಲಾರಿಯನ್ನು ಚಪ್ಪಟೆ ವ್ಯಾಗನ್ನಿನ ಮೇಲೆ ನೇರವಾಗಿ ಓಡಿಸಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಸರಪಳಿ ಬಿಗಿದು ಸಾಗಿಸುವ ಪದ್ಧತಿ ಇದು. ಸರಕನ್ನು ಇಳಿಸಿ ಏರಿಸುವ ಕೆಲಸವೇ ಇಲ್ಲ. ಚಾಲಕ ಮತ್ತು ಕ್ಲೀನರ್ ತಮ್ಮ ಲಾರಿಯ ಜೊತೆಗೇ ಪ್ರಯಾಣಿಸುತ್ತಾರೆ. ಆಲ್ಪ್ಸ್ ಪರ್ವತಗಳನ್ನು ದಾಟಲು ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ಇಂಥ ರೈಲುಗಳು ಮೊದಲೇ ಇದ್ದವು. ಭಾರತದಲ್ಲಿ ಇದನ್ನು ವಾಣಿಜ್ಯ ಸೇವೆಯಾಗಿ ಶುರು ಮಾಡಿದ್ದು ಕೊಂಕಣ ರೈಲ್ವೆ: 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ, 417 ಕಿ.ಮೀ. ದೂರಕ್ಕೆ. 2004ರಲ್ಲಿ ಸೇವೆ ಸುರತ್ಕಲ್‌ವರೆಗೆ ಬಂತು.

ಅಲ್ಲಿಂದ ಮುಂದೆ ಭಟ್ಕಳ, ಹೊನ್ನಾವರ, ಕುಮಟಾ ನಿಲ್ದಾಣಗಳಲ್ಲಿ ರೈಲಿಗಾಗಿ ಕಾಯುವವರ ಕಣ್ಣೆದುರೇ ಸಾಲು ಸಾಲು ಲಾರಿಗಳು ಹಳಿಯ ಮೇಲೆ ಹಾದುಹೋಗತೊಡಗಿದವು. ನೋಡಲು ವಿಚಿತ್ರವಾದ ಈ ದೃಶ್ಯದ ಹಿಂದೆ ಗಟ್ಟಿ ಲೆಕ್ಕಾಚಾರವಿದೆ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಹಿಂದೆ 17 ಎಂಬ ಸಂಖ್ಯೆಯಲ್ಲಿದ್ದಾಗ ಕಿರಿದಾಗಿತ್ತು, ತಿರುವುಗಳಿಂದ ತುಂಬಿತ್ತು, ಊರುಗಳ ನಡುವೆಯೇ ಹಾದುಹೋಗುತ್ತಿತ್ತು. ಡೀಸೆಲ್, ಟಯರು, ಚಾಲಕನ ನಿದ್ದೆ ಮೂರೂ ಉಳಿಯುವುದಾದರೆ ಲಾರಿ ಮಾಲೀಕ ರೈಲಿಗೆ ಬಾಡಿಗೆ ಕೊಡಲು ಸಿದ್ಧನಿದ್ದ. ರೈಲ್ವೆಗೆ ಹೊಸ ಎಂಜಿನ್ ಬೇಕಾಗಲಿಲ್ಲ, ಹೊಸ ಹಳಿ ಬೇಕಾಗಲಿಲ್ಲ. ಇಳಿಜಾರು ಕಟ್ಟೆ ಮತ್ತು ಚಪ್ಪಟೆ ವ್ಯಾಗನ್ ಇದ್ದರೆ ಸಾಕಿತ್ತು. ನೈಋತ್ಯ ರೈಲ್ವೆಯೂ 2020ರ ಆಗಸ್ಟ್ 30ರಂದು ಬೆಂಗಳೂರು ಹೊರವಲಯದ ನೆಲಮಂಗಲದಿಂದ ಸೊಲ್ಲಾಪುರ ಬಳಿಯ ಬಾಳೆಯವರೆಗೆ 682 ಕಿ.ಮೀ. ಉದ್ದದ ರೋ-ರೋ ಆರಂಭಿಸಿತು.

ರಕ್ಷಾ ಕವಚ

1999ರ ಆಗಸ್ಟ್ 2ರಂದು ಪಶ್ಚಿಮ ಬಂಗಾಳದ ಗೈಸಾಲ್‌ನಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕೊಂಕಣ ರೈಲ್ವೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಬಿ. ರಾಜಾರಾಂ ಡಿಕ್ಕಿ ತಡೆಯುವ ಸಾಧನವೊಂದನ್ನು ರೂಪಿಸಿದರು. ಎಂಜಿನ್, ಗಾರ್ಡ್ ವ್ಯಾನ್, ನಿಲ್ದಾಣ, ಲೆವೆಲ್ ಕ್ರಾಸಿಂಗ್ ಇವುಗಳಲ್ಲಿ ಒಂದೊಂದು ಪೆಟ್ಟಿಗೆ. ಪ್ರತಿ ಪೆಟ್ಟಿಗೆಯೂ ಉಪಗ್ರಹದಿಂದ ತನ್ನ ಜಾಗ, ವೇಗ, ದಿಕ್ಕು ತಿಳಿದುಕೊಂಡು ರೇಡಿಯೊ ಮೂಲಕ ಸುತ್ತಲಿನ ಪೆಟ್ಟಿಗೆಗಳಿಗೆ ಹೇಳುತ್ತಿತ್ತು. ಒಂದೇ ಹಳಿಯಲ್ಲಿ ಎರಡು ರೈಲುಗಳು ಹತ್ತಿರವಾಗುತ್ತಿವೆ ಎಂದು ಗೊತ್ತಾದ ಕೂಡಲೇ ಚಾಲಕನ ಅಪ್ಪಣೆಗೆ ಕಾಯದೆ ಬ್ರೇಕ್ ಹಾಕುತ್ತಿತ್ತು.

ಇಲ್ಲಿ ನಿಜವಾದ ಕಷ್ಟ "ಒಂದೇ ಹಳಿ" ಎಂದು ಗುರುತಿಸುವುದರಲ್ಲಿತ್ತು. ಪಕ್ಕಪಕ್ಕದ ಹಳಿಗಳ ನಡುವೆ ಇರುವುದು ನಾಲ್ಕೈದು ಮೀಟರ್ ಅಂತರ. ಆ ಕಾಲದ ಜಿಪಿಎಸ್ ಅದಕ್ಕಿಂತ ಹೆಚ್ಚು ತಪ್ಪುತ್ತಿತ್ತು. ಕುಮಟಾದಂಥ ನಿಲ್ದಾಣದಲ್ಲಿ ಒಂದು ರೈಲು ಬದಿಯ ಹಳಿಯಲ್ಲಿ ನಿಂತು ಎದುರಿನ ರೈಲಿಗೆ ದಾರಿ ಬಿಡುವುದು ಏಕಹಳಿ ಮಾರ್ಗದಲ್ಲಿ ದಿನವೂ ನಡೆಯುವ ಸಂಗತಿ. ಪ್ರತಿ ಸಲವೂ ಸಾಧನ ಗಾಬರಿಗೊಂಡು ಬ್ರೇಕ್ ಹಾಕಿದರೆ ರೈಲು ಓಡುವುದೇ ಇಲ್ಲ. ರಾಜಾರಾಂ ಇದಕ್ಕೆ ಕಂಡುಕೊಂಡ ದಾರಿ ಜಾಣತನದ್ದು. ಬದಿಯ ಹಳಿಗೆ ಹೊರಳುವಾಗ ಎಂಜಿನ್ ತುಸು ತಿರುಗಿ ಮತ್ತೆ ನೆಟ್ಟಗಾಗುತ್ತದೆ. ಈ ಹೊರಳುವಿಕೆಯ ಕೋನಗಳನ್ನು ಲೆಕ್ಕ ಹಾಕುತ್ತ ಹೋದರೆ ರೈಲು ಮುಖ್ಯ ಹಳಿಯಲ್ಲಿದೆಯೇ, ಬದಿಯದರಲ್ಲಿದೆಯೇ ಎಂದು ಹೇಳಬಹುದು. ಜಾಗವನ್ನು ಅಳೆಯಲಾಗದ ಕಡೆ ಚಲನೆಯನ್ನು ಅಳೆದದ್ದು ಈ ಸಾಧನದ ಹೆಚ್ಚುಗಾರಿಕೆ. ಲೆವೆಲ್ ಕ್ರಾಸಿಂಗ್‌ನ ಪೆಟ್ಟಿಗೆ ರೈಲು ಹತ್ತಿರವಾದಾಗ ದೀಪ ಮಿನುಗಿಸಿ ಸೈರನ್ ಕೂಗುತ್ತಿತ್ತು.

ಕೊಂಕಣ ಮಾರ್ಗವಲ್ಲದೆ ಈಶಾನ್ಯ ಗಡಿ ರೈಲ್ವೆಯ 1,736 ಕಿ.ಮೀ. ಮಾರ್ಗದಲ್ಲಿ ಇದನ್ನು ಪ್ರಯೋಗಕ್ಕಾಗಿ ಅಳವಡಿಸಲಾಯಿತು. ಸುರಂಗದೊಳಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ. ದೊಡ್ಡ ನಿಲ್ದಾಣಗಳ ಹಳಿಗಳ ಜಾಲದಲ್ಲಿ ಕೋನದ ಲೆಕ್ಕ ತೊಡಕಾಗುತ್ತದೆ. ಹೀಗಾಗಿ ದೇಶವ್ಯಾಪಿ ವಿಸ್ತರಣೆ ನಡೆಯಲಿಲ್ಲ. ಲಖನೌದ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಬೇರೆ ವ್ಯವಸ್ಥೆಯನ್ನು ಬೆಳೆಸಿತು. ಅದೇ ಇಂದಿನ "ಕವಚ". ಅದರಲ್ಲಿ ಹಳಿಯ ಸ್ಲೀಪರ್‌ಗಳಿಗೆ ಚಿಕ್ಕ ರೇಡಿಯೊ ಬಿಲ್ಲೆಗಳನ್ನು ಕೂರಿಸಲಾಗುತ್ತದೆ. ಅವುಗಳನ್ನು ಓದಿಕೊಂಡು ಎಂಜಿನ್ ತಾನು ಯಾವ ಹಳಿಯಲ್ಲಿದ್ದೇನೆಂದು ನಿಶ್ಚಯಿಸಿಕೊಳ್ಳುತ್ತದೆ. 2020ರಲ್ಲಿ ಇದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಳ್ಳಲಾಯಿತು. ತಂತ್ರ ಬದಲಾದರೂ, ಚಾಲಕ ತಪ್ಪಿದಾಗ ಯಂತ್ರ ತಾನಾಗಿ ರೈಲು ನಿಲ್ಲಿಸಬೇಕು ಎಂಬ ಹಟ ಕೊಂಕಣ ರೈಲ್ವೆಯಲ್ಲಿ ಮೊದಲೇ ಬೇರೂರಿತ್ತು ಎಂಬುದನ್ನು ಮರೆಯಬಾರದು.

ಮಳೆಗಾಲದ ಉಪಕರಣಗಳು

2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಯ ಮೇಲೆ ಜರಿದಿದ್ದ ಬಂಡೆಗಳಿಗೆ ಅಪ್ಪಳಿಸಿ ಐವತ್ತಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು. ಒಂದು ವರ್ಷವೂ ತುಂಬಿರಲಿಲ್ಲ, 2004ರ ಜೂನ್ 16ರಂದು ಕರಂಜಾಡಿ ಬಳಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಅಲ್ಲಿಯೂ ಕಾರಣ ಬಂಡೆಯೇ, ಅಲ್ಲಿಯೂ ಜೀವಗಳು ಹೋದವು. ಎರಡೂ ಈ ಕರಾವಳಿಯ ಜನ ತುಂಬಿ ಹೋಗುತ್ತಿದ್ದ ರೈಲುಗಳು.

ಇದಕ್ಕೆ ನಿಗಮ ಕೊಟ್ಟ ಉತ್ತರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಗುಡ್ಡದ ಇಳಿಜಾರುಗಳಿಗೆ ಉಕ್ಕಿನ ಬಲೆ ಹೊದಿಸಲಾಯಿತು. ಕಡಿದಾದ ಧರೆಗಳನ್ನು ಕತ್ತರಿಸಿ ಓರೆಯಾಗಿಸಲಾಯಿತು. ಮಣ್ಣು ಒಳಗೊಳಗೇ ಸರಿಯುತ್ತಿದೆಯೇ ಎಂದು ತಿಳಿಸುವ ಇಳಿಜಾರು ಮಾಪಕಗಳು ಬಂದವು. "ರಕ್ಷಾ ಧಾಗಾ" ಎಂಬ ಹೆಸರಿನ ತಂತಿ ವ್ಯವಸ್ಥೆ, ಗುಡ್ಡ ಜರಿದು ತಂತಿ ಎಳೆದುಕೊಂಡಾಗ ಸಂಕೇತ ಕೊಟ್ಟು ಬರುವ ರೈಲನ್ನು ತಡೆಯುವಂತೆ ರೂಪುಗೊಂಡಿತು. ಮಾರ್ಗದುದ್ದಕ್ಕೂ ಸರಾಸರಿ ಕಿಲೊಮೀಟರಿಗೊಂದರಂತೆ ತುರ್ತು ದೂರವಾಣಿ ಜೋಡಣೆಗಳಿವೆ. ಶಸ್ತ್ರಚಿಕಿತ್ಸಾ ಕೋಣೆಯೂ ಸ್ವಂತ ಎಂಜಿನ್ನೂ ಇರುವ ವೈದ್ಯಕೀಯ ರೈಲುಗಾಡಿಗಳು ರತ್ನಾಗಿರಿ ಮತ್ತು ವೆರ್ಣಾಗಳಲ್ಲಿ ಸದಾ ಸಜ್ಜಾಗಿರುತ್ತವೆ.

ಗಾಳಿಮಾಪಕಗಳಿರುವುದು ನಾಲ್ಕು ಕಡೆ: ರತ್ನಾಗಿರಿ ಹತ್ತಿರದ ಪನ್ವಲ್ ನದಿಯ ಎತ್ತರದ ಸೇತುವೆ, ಗೋವಾದ ಮಾಂಡವಿ ಮತ್ತು ಜುವಾರಿ ಸೇತುವೆಗಳು, ಹೊನ್ನಾವರ ಮತ್ತು ಮಂಕಿ ನಡುವಿನ ಶರಾವತಿ ಸೇತುವೆ. ಎರಡು ಕಿಲೊಮೀಟರ್ ಉದ್ದಕ್ಕೆ ಯಾವ ಮರೆಯೂ ಇಲ್ಲದೆ ಕಡಲಗಾಳಿಗೆ ಒಡ್ಡಿಕೊಂಡ ಹಳಿಯ ಮೇಲೆ ಖಾಲಿ ವ್ಯಾಗನ್‌ಗಳನ್ನಾಗಲಿ ಎತ್ತರದ ಲಾರಿಗಳನ್ನು ಹೊತ್ತ ರೋ-ರೋ ರೈಲನ್ನಾಗಲಿ ಬಿಡುವ ಮುನ್ನ ಗಾಳಿಯ ವೇಗ ಗೊತ್ತಿರಬೇಕು. ಮಳೆಯನ್ನು ತಾನಾಗಿ ದಾಖಲಿಸುವ ಮಾಪಕಗಳು ಒಂಬತ್ತು ನಿಲ್ದಾಣಗಳಲ್ಲಿವೆ. ಕರ್ನಾಟಕದಲ್ಲಿ ಅವು ಇರುವುದು ಕಾರವಾರ, ಭಟ್ಕಳ ಮತ್ತು ಉಡುಪಿಯಲ್ಲಿ. ಮಳೆಯ ಪ್ರಮಾಣ ಮಿತಿ ಮೀರಿದರೆ ನಿಯಂತ್ರಣ ಕೊಠಡಿಯಿಂದ ವೇಗ ತಗ್ಗಿಸುವ ಆದೇಶ ಹೋಗುತ್ತದೆ. ದಾರಿ ಕಾಣದಷ್ಟು ಸುರಿಯುವಾಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿಯಿದೆ. ಮೊದಲು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇದ್ದದ್ದನ್ನು 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಲಾಯಿತು.

ಈ ಎಲ್ಲ ಯಂತ್ರಗಳ ಜೊತೆಗೆ ರಾತ್ರಿಯಿಡೀ ಹಳಿಯ ಮೇಲೆ ಟಾರ್ಚ್ ಹಿಡಿದು ನಡೆಯುವ ಗಸ್ತಿನವರಿದ್ದಾರೆ. ಅವರನ್ನು ಬಿಟ್ಟು ಇಲ್ಲಿನ ರಕ್ಷಣೆಯ ಮಾತಾಡಲಾಗದು. ರೈಲ್ವೆಯ ಆಚೆಗೆ ಇದೇ ಗುಡ್ಡಗಳಿಗೆ ಇಂಥ ಕಾವಲು ಇಲ್ಲ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಗಂಗಾವಳಿ ನದಿಗೆ ಜನರನ್ನೂ ವಾಹನಗಳನ್ನೂ ತಳ್ಳಿತು. ರೈಲ್ವೆ ಎರಡು ದಶಕಗಳಿಂದ ಬಳಸುತ್ತಿರುವ ಮಾಪಕಗಳು ಪಕ್ಕದ ಹೆದ್ದಾರಿಯ ಧರೆಗಳಿಗೂ ಬೇಕಾಗಿವೆ.

ಸ್ಕೈಬಸ್

ಬಿ. ರಾಜಾರಾಂ ಅವರದೇ ಇನ್ನೊಂದು ಕಲ್ಪನೆ. ನಗರದ ರಸ್ತೆಯ ನಡುವೆ ಸಾಲು ಕಂಬಗಳು, ಅವುಗಳ ಮೇಲೆ ಟೊಳ್ಳಾದ ಕಾಂಕ್ರೀಟ್ ಪೆಟ್ಟಿಗೆಯಂಥ ಉದ್ದನೆಯ ತೊಲೆ. ಹಳಿ ಇರುವುದು ತೊಲೆಯ ಒಳಗೆ. ಚಕ್ರಗಳು ಆ ಪೆಟ್ಟಿಗೆಯೊಳಗೇ ಉರುಳುತ್ತವೆ, ತಳದ ಸೀಳಿನ ಮೂಲಕ ಬೋಗಿ ಕೆಳಗೆ ತೂಗುತ್ತದೆ. ಚಕ್ರ ಪೆಟ್ಟಿಗೆಯಲ್ಲಿ ಬಂದಿಯಾಗಿರುವುದರಿಂದ ಬೋಗಿ ಕಳಚಿ ಬೀಳಲಾರದು, ಭೂಸ್ವಾಧೀನ ಬೇಕಿಲ್ಲ, ಸುರಂಗ ಅಗೆಯಬೇಕಿಲ್ಲ, ಮೆಟ್ರೋಗಿಂತ ಬಹಳ ಅಗ್ಗ ಎಂಬುದು ವಾದ. ಗಂಟೆಗೆ 100 ಕಿ.ಮೀ. ವೇಗದ ಗುರಿ ಇತ್ತು. ಗೋವಾದ ಮಾಪುಸಾ ಮತ್ತು ಪಣಜಿ ನಡುವೆ ಹತ್ತೂವರೆ ಕಿ.ಮೀ. ಮಾರ್ಗ ಮೊದಲ ಯೋಜನೆಯಲ್ಲಿತ್ತು. ನಿಜವಾಗಿ ಕಟ್ಟಿದ್ದು ಮಡಗಾಂವದಲ್ಲಿ 1.6 ಕಿ.ಮೀ. ಪರೀಕ್ಷಾ ಮಾರ್ಗ ಮಾತ್ರ.

2004ರ ಸೆಪ್ಟೆಂಬರ್ 25ರಂದು ಪರೀಕ್ಷಾ ಓಟದ ವೇಳೆ ಬೋಗಿ ಕಂಬಕ್ಕೆ ಬಡಿಯಿತು. ನಿಗಮದ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು, ಮೂವರಿಗೆ ಗಾಯವಾಯಿತು. ಅಲ್ಲಿಗೆ ಕೆಲಸ ನಿಂತಿತು. ವರ್ಷಗಳ ಕಾಲ ಕಂಬಗಳು ಹಾಗೇ ಇದ್ದವು. 2013ರಲ್ಲಿ ನಿಗಮ ಯೋಜನೆಯನ್ನು ಲಾಭದಾಯಕವಲ್ಲ ಎಂದು ಘೋಷಿಸಿ ಕೈಬಿಟ್ಟಿತು, ಕಟ್ಟಿದ್ದನ್ನು ಕಳಚಿಹಾಕುವ ತೀರ್ಮಾನವಾಯಿತು.

ತೂಗುವ ರೈಲು ಅಸಾಧ್ಯವಾದುದೇನಲ್ಲ. ಜರ್ಮನಿಯ ವುಪ್ಪರ್ಟಾಲ್‌ನಲ್ಲಿ 1901ರಿಂದ ಅಂಥದೊಂದು 13.3 ಕಿ.ಮೀ. ಓಡುತ್ತಿದೆ. ಇಕ್ಕಟ್ಟಾದ ಕಣಿವೆಯ ಊರಿನಲ್ಲಿ ಬೇರೆ ಜಾಗವೇ ಇಲ್ಲದೆ ನದಿಯ ಮೇಲೆಯೇ ಹಳಿ ಹಾಕಿದರು. ಜಪಾನಿನ ಚಿಬಾದಲ್ಲಿ 1988ರಿಂದ ಬೆಳೆದ ಮಾರ್ಗ 15.2 ಕಿ.ಮೀ. ಇದೆ. ಸ್ಕೈಬಸ್‌ಗೆ ಅಂಥ ಊರಿನ ಅಗತ್ಯ ಒತ್ತಾಸೆಯಾಗಿ ನಿಲ್ಲಲಿಲ್ಲ. ಕೊಂಕಣ ರೈಲ್ವೆಗೆ ತನ್ನ ಮಾರ್ಗದಲ್ಲಿ ಅದು ಬೇಕಿರಲಿಲ್ಲ, ಬೇಕಾದ ಮಹಾನಗರಗಳು ತನ್ನ ಕೈಯಲ್ಲಿರಲಿಲ್ಲ. ಅದೇ ಹೊತ್ತಿಗೆ, 2002ರ ಡಿಸೆಂಬರಿನಲ್ಲಿ, ದೆಹಲಿ ಮೆಟ್ರೋ ಓಡತೊಡಗಿತು. ಅದನ್ನು ಕಟ್ಟಿದವರು ಕೊಂಕಣ ರೈಲ್ವೆಯ ಮೊದಲ ಮುಖ್ಯಸ್ಥ ಶ್ರೀಧರನ್. ಒಂದೇ ನಿಗಮದ ಇಬ್ಬರು ನಾಯಕರು ದೇಶದ ನಗರಗಳ ಮುಂದೆ ಎರಡು ದಾರಿ ಇಟ್ಟರು, ನಗರಗಳು ಪರೀಕ್ಷೆಗೆ ಒಳಪಟ್ಟು ಗೆದ್ದ ದಾರಿಯನ್ನು ಆರಿಸಿದವು. ಸ್ಕೈಬಸ್ ಎಂಬ ಮಾತು ಮಾತ್ರ ಇನ್ನೂ ಚಾಲ್ತಿಯಲ್ಲಿದೆ. 2022ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಬೆಂಗಳೂರಿನ ಸಂಚಾರ ಸಮಸ್ಯೆಗೆ ಅದನ್ನು ಪರಿಹಾರವಾಗಿ ಪ್ರಸ್ತಾಪಿಸಿದರು.

ಇತ್ತೀಚಿನ ಬದಲಾವಣೆಗಳು

ಇಡೀ ಮಾರ್ಗದ ವಿದ್ಯುದೀಕರಣ 2022ರ ಜೂನ್ 20ರಂದು ರಾಷ್ಟ್ರಕ್ಕೆ ಅರ್ಪಣೆಯಾಯಿತು. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ ವಂದೇ ಭಾರತ್ ಶುರುವಾಯಿತು. ನಡುವೆ ಅದಕ್ಕೆ ನಿಲುಗಡೆ ಕೊಟ್ಟದ್ದು ಉಡುಪಿ ಮತ್ತು ಕಾರವಾರದಲ್ಲಿ. ಭಟ್ಕಳ, ಹೊನ್ನಾವರ, ಕುಮಟಾ ಮೂರನ್ನೂ ಅದು ನಿಲ್ಲದೆ ದಾಟುತ್ತದೆ.

2025ರ ಆಗಸ್ಟ್ 23ರಂದು, ಗಣೇಶ ಚತುರ್ಥಿಗೆ ಮುಂಬೈಯಿಂದ ಊರಿಗೆ ಬರುವವರಿಗಾಗಿ, ಕೋಲಾಡ್ ಮತ್ತು ವೆರ್ಣಾ ನಡುವೆ ಕಾರುಗಳ ರೋ-ರೋ ಆರಂಭವಾಯಿತು. ಒಂದು ರೈಲಿನಲ್ಲಿ 40 ಕಾರುಗಳಿಗೆ ಜಾಗ. ಲಾರಿ ಚಾಲಕರಂತೆ ಇಲ್ಲಿ ವಾಹನದೊಂದಿಗೆ ಇರುವಂತಿಲ್ಲ, ಜನ ಅದೇ ರೈಲಿಗೆ ಜೋಡಿಸಿದ ಬೋಗಿಗಳಲ್ಲಿ ಕೂರುತ್ತಾರೆ. ಚೌತಿಗೆ ಮುಂಬೈ ಬಿಟ್ಟು ಊರು ಸೇರುವ ಕುಟುಂಬಗಳು ಹೊನ್ನಾವರ, ಕುಮಟಾ ಸೀಮೆಯಲ್ಲಿಯೂ ಬಹಳ ಇವೆ. ಲಾರಿಗಳ ರೋ-ರೋ ಹೇಗೂ ಸುರತ್ಕಲ್‌ವರೆಗೆ ಬರುತ್ತಿರುವಾಗ ಕಾರುಗಳದನ್ನು ವೆರ್ಣಾದಲ್ಲಿಯೇ ನಿಲ್ಲಿಸದೆ ಕರ್ನಾಟಕದ ಕರಾವಳಿಗೆ ವಿಸ್ತರಿಸುವುದು ನ್ಯಾಯ. ಈ ಮಾರ್ಗದ ಬಂಡವಾಳದಲ್ಲಿ ರಾಜ್ಯದ ಪಾಲೂ ಇದೆ.